ಫ್ರೋಜನ್ ಶೋಲ್ಡರ್: ಹಂತವನ್ನು ಅರಿತು ನೀಡುವ ಫಿಸಿಯೋಥೆರಪಿ

ಫ್ರೋಜನ್ ಶೋಲ್ಡರ್‌ನಲ್ಲಿ ಭುಜದ ಕೀಲನ್ನು ಚೀಲದಂತೆ ಸುತ್ತುವರಿದ ಪೊರೆ (ಕ್ಯಾಪ್ಸೂಲ್) ಉರಿಯೂತಕ್ಕೆ ಒಳಗಾಗಿ, ಕ್ರಮೇಣ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಮತ್ತು ಮಧುಮೇಹಿಗಳಲ್ಲಿ ಇದು ಹೆಚ್ಚು. ರೋಗಿಯೇ ಕೈ ಎತ್ತಿದರೂ ಚಿಕಿತ್ಸಕರು ಎತ್ತಿದರೂ ಚಲನೆ ಮೊಟಕಾಗಿಯೇ ಇರುವುದು ಇದರ ಮುಖ್ಯ ಲಕ್ಷಣ.

ಪರೀಕ್ಷಿಸುವಾಗ ಮೊಣಕೈಯನ್ನು ಪಕ್ಕೆಗೆ ತಾಗಿಸಿ, 90 ಡಿಗ್ರಿ ಮಡಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ನೋಡಬೇಕು. ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ಕುಗ್ಗುವುದು ಈ ಹೊರತಿರುವೇ. ಕೈಯನ್ನು ಮೇಲೆತ್ತಿಸಿದರೆ ಹೆಗಲ ಮೂಳೆ ಜೊತೆಗೇ ಮೇಲೇರಿ ನಿಜವಾದ ಕೊರತೆಯನ್ನು ಮರೆಮಾಡಿಬಿಡುತ್ತದೆ.

ಚಿಕಿತ್ಸೆಯನ್ನು ನಿರ್ಧರಿಸಬೇಕಾದದ್ದು ರೋಗದ ಹೆಸರಲ್ಲ, ಅದರ ಹಂತ. ರಾತ್ರಿ ನಿದ್ದೆಗೆಡಿಸುವಷ್ಟು ನೋವಿರುವ ಮೊದಲ ಹಂತದಲ್ಲಿ ಬಲವಂತವಾಗಿ ಎಳೆದರೆ ನೋವು ಕೆರಳುತ್ತದೆ. ಆಗ ಬಿಸಿ ಶಾಖ, ಮೇಟ್‌ಲ್ಯಾಂಡ್ ಕ್ರಮದ 1 ಮತ್ತು 2ನೇ ದರ್ಜೆಯ ಹಗುರ ಮೊಬಿಲೈಸೇಶನ್ (ಬಿಗಿತದ ಮಿತಿಯನ್ನು ಮುಟ್ಟದಂತೆ ಚಿಕಿತ್ಸಕರು ಕೈಯಿಂದ ಕೀಲನ್ನು ಮೆಲ್ಲಗೆ ಅಲುಗಿಸುವುದು) ಹಾಗೂ ಲೋಲಕ ವ್ಯಾಯಾಮ ಸಾಕು. ಲೋಲಕ ವ್ಯಾಯಾಮದಲ್ಲಿ ಸರಿಯಿರುವ ಕೈಯನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿ, ನೋವಿರುವ ಕೈಯನ್ನು ಸಡಿಲವಾಗಿ ಇಳಿಬಿಡಬೇಕು. ತೂಗಾಟ ಸೊಂಟದ ಅಲುಗಾಟದಿಂದ ಬರಬೇಕೇ ಹೊರತು ಭುಜದ ಸ್ನಾಯುಗಳ ಬಲದಿಂದಲ್ಲ. ಈ ವ್ಯತ್ಯಾಸವನ್ನು ರೋಗಿಗೆ ಮಾಡಿಯೇ ತೋರಿಸಬೇಕು, ಬಾಯಿಮಾತಿನ ವಿವರಣೆ ಸಾಲದು.

ನೋವು ತಗ್ಗಿ ಬಿಗಿತವೇ ಮುಂದಾದಾಗ ಬಿಗಿತದ ಮಿತಿಯವರೆಗೆ ಅಲುಗಿಸುವ 3 ಮತ್ತು 4ನೇ ದರ್ಜೆಗೆ ಏರಬಹುದು. ಹೊರತಿರುವನ್ನು ಹೆಚ್ಚಿಸಲು ತೋಳಿನ ಮೂಳೆಯ ತಲೆಯನ್ನು ಹಿಂದಕ್ಕೆ ಜಾರಿಸುವ ಗ್ಲೈಡ್ ಉಪಯುಕ್ತವೆಂದು ಅಧ್ಯಯನಗಳಲ್ಲಿ ಕಂಡುಬಂದಿರುವುದು ಗಮನಾರ್ಹ, ಏಕೆಂದರೆ ಪಠ್ಯಗಳ ಉಬ್ಬು-ತಗ್ಗಿನ ನಿಯಮ (ಕೀಲಿನ ಉಬ್ಬಿದ ತುದಿ ಮೂಳೆ ಚಲಿಸುವ ದಿಕ್ಕಿಗೆ ವಿರುದ್ಧವಾಗಿ ಜಾರುತ್ತದೆ ಎಂಬುದು) ಮುಂದಕ್ಕೆ ಜಾರಿಸಲು ಹೇಳುತ್ತದೆ. ಮನೆಯಲ್ಲಿ ಕೋಲು ಹಿಡಿದು ಮುಂಗೈಯನ್ನು ಹೊರಕ್ಕೆ ತಳ್ಳುವುದು, ಗೋಡೆಯ ಮೇಲೆ ಬೆರಳುಗಳನ್ನು ಏರಿಸುವುದು, ಬೆನ್ನ ಹಿಂದೆ ಟವೆಲ್ ಎಳೆಯುವುದು ಮುಂದುವರಿಯಬೇಕು.

ನೆದರ್‌ಲ್ಯಾಂಡ್ಸ್‌ನಲ್ಲಿ 77 ರೋಗಿಗಳನ್ನು 2 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವಿನ ಮಿತಿಯೊಳಗೆ ವ್ಯಾಯಾಮ ಮಾಡಿದವರು ನೋವನ್ನು ಮೀರಿ ತೀವ್ರವಾಗಿ ಎಳೆಸಿಕೊಂಡವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಹೀಗಾಗಿ ವ್ಯಾಯಾಮದ ನಂತರ ನೋವು ಬೇಗ ಇಳಿಯುತ್ತದೆಯೇ, ಆ ರಾತ್ರಿಯ ನಿದ್ದೆ ಕೆಟ್ಟಿತೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ ಪ್ರಮಾಣವನ್ನು ಹೊಂದಿಸಬೇಕು. ಮೊದಲ ಹಂತದ ನೋವು ತೀವ್ರವಾಗಿದ್ದರೆ ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಿಸುವ ಕುರಿತು ವೈದ್ಯರ ಸಲಹೆ ಪಡೆಯುವುದು ಒಳಿತು. ಮಧುಮೇಹಿಗಳಲ್ಲಿ ಅದು ರಕ್ತದ ಸಕ್ಕರೆಯನ್ನು ತಾತ್ಕಾಲಿಕವಾಗಿ ಏರಿಸುವುದರಿಂದ ಅವರಿಗೆ ಈ ವಿಷಯವನ್ನು ಮೊದಲೇ ತಿಳಿಸಬೇಕು.