ಮನೆ ಬಿಡದ ಪ್ರವಾಸಿಗಳು

ಮಕ್ಕಳ ಪುಸ್ತಕಗಳ ಸಂಪಾದಕಿಯಾದ ನನ್ನ ಮೇಜಿಗೆ ಬರುವ ಹಸ್ತಪ್ರತಿಗಳಲ್ಲಿ ಪ್ರವಾಸ ಕಥನಗಳಿಗೆ ಕೊರತೆಯಿಲ್ಲ. ಕಳೆದ ವರ್ಷ ಬಂದ ಒಂದರಲ್ಲಿ ಅಣ್ಣ-ತಂಗಿ ಇಬ್ಬರು ಅಪ್ಪನೊಡನೆ ಲಡಾಖಿಗೆ ಹೋಗುತ್ತಾರೆ. ಮೂರನೆಯ ಪುಟದಲ್ಲೇ ‘ಲಡಾಖಿನ ಜನ ಬಹಳ ಮುಗ್ಧರು, ಶ್ರಮಜೀವಿಗಳು’ ಎಂಬ ಸಾಲು ಇತ್ತು. ಅದರ ಅಂಚಿನಲ್ಲಿ ಎಂದಿನಂತೆ ಪೆನ್ಸಿಲಿನಿಂದ ‘ಕಂಡವರು ಯಾರು?’ ಎಂದು ಬರೆದು ಹಿಂದಿರುಗಿಸಿದೆ. ಲೇಖಕಿ ಫೋನು ಮಾಡಿ, ತಾವು ಲಡಾಖನ್ನು ನೋಡಿಯೇ ಇಲ್ಲವೆಂದೂ, ನೋಡದವರು ಮಕ್ಕಳಿಗೆ ಪ್ರವಾಸದ ಕಥೆ ಬರೆಯಲೇಬಾರದೇ ಎಂದೂ ತುಸು ನೊಂದುಕೊಂಡು ಕೇಳಿದರು. ಬರೆಯಬಾರದು ಎಂದುಬಿಟ್ಟರೆ ಈ ಪ್ರಕಾರದ ಚರಿತ್ರೆಯ ಹಲವು ಹೆಸರಾಂತ ಪುಸ್ತಕಗಳನ್ನೇ ಕಪಾಟಿನಿಂದ ಕೆಳಗಿಳಿಸಬೇಕಾಗುತ್ತದೆ ಎಂದೆ.

ಕಂಡ ಲೋಕವನ್ನೂ ಕಾಣದ ಲೋಕವನ್ನೂ ಮಕ್ಕಳ ಕೈಗೆ ಪುಸ್ತಕವಾಗಿ ಕೊಡುವ ಕೆಲಸ ಯೂರೋಪಿನಲ್ಲಿ ಪಾಠದಿಂದಲೇ ಶುರುವಾಯಿತು. ಚೆಕ್ ಶಿಕ್ಷಣತಜ್ಞ ಕೊಮೇನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚು ಮಾಡಿಸಿದ ಚಿತ್ರಪುಸ್ತಕದಲ್ಲಿ ಚಿತ್ರದೊಳಗಿನ ಒಂದೊಂದು ವಸ್ತುವಿಗೂ ಒಂದು ಅಂಕಿ ಇದೆ. ಅದೇ ಅಂಕಿ ಕೆಳಗಿನ ಲ್ಯಾಟಿನ್ ಮತ್ತು ಜರ್ಮನ್ ಪದಗಳ ಪಕ್ಕದಲ್ಲೂ ಇದೆ. ಓದು ಮೋಜಿಗೂ ಆಗಬಹುದೆಂಬುದನ್ನು ವ್ಯಾಪಾರವಾಗಿ ಕುದುರಿಸಿದವನು ಲಂಡನ್ನಿನ ಜಾನ್ ನ್ಯೂಬೆರಿ. 1744ರಲ್ಲಿ ಅವನು ಹೊರತಂದ ಅಂಗೈಯಗಲದ ಪುಸ್ತಕದ ಬೆಲೆ ಆರು ಪೆನ್ಸ್; ಇನ್ನೆರಡು ಪೆನ್ಸ್ ಸೇರಿಸಿದರೆ ಹುಡುಗನಿಗೆ ಚೆಂಡು, ಹುಡುಗಿಗೆ ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬು.

ಪ್ರವಾಸ ಕಥನವನ್ನು ಮಕ್ಕಳಿಗಾಗಿ ಬಗ್ಗಿಸಿದ ಕೀರ್ತಿಯಲ್ಲಿ ದೊಡ್ಡ ಪಾಲನ್ನು ನಾನು ಜರ್ಮನಿಯ ಯೊವಾಕಿಮ್ ಹೈನ್‌ರಿಶ್ ಕಾಂಪೆಗೆ ಕೊಡುತ್ತೇನೆ. ಶಿಕ್ಷಣದ ಕುರಿತ ತನ್ನ ಗ್ರಂಥದ ಕಲ್ಪಿತ ಹುಡುಗ ಎಮಿಲ್ ಮೊದಲು ಓದಬೇಕಾದ ಪುಸ್ತಕ, ದ್ವೀಪದಲ್ಲಿ ಒಂಟಿಯಾಗಿ ಸಿಕ್ಕಿಕೊಂಡವನ ಕಥೆಯಾದ ಡೆಫೊನ ‘ರಾಬಿನ್ಸನ್ ಕ್ರೂಸೋ’ ಎಂದು ಚಿಂತಕ ರೂಸೋ 1762ರಲ್ಲಿ ಬರೆದಿದ್ದ. ಅದನ್ನು ಹಿಡಿದುಕೊಂಡು ಕಾಂಪೆ 1779-80ರಲ್ಲಿ ಮಕ್ಕಳ ರಾಬಿನ್ಸನ್ ಒಬ್ಬನನ್ನು ಕಟ್ಟಿದ. ಡೆಫೊನ ನಾಯಕ ಒಡೆದ ಹಡಗಿನಿಂದ ಗರಗಸ, ಕೋವಿ, ಮದ್ದು, ಮದ್ಯ ಎಲ್ಲವನ್ನೂ ದಡಕ್ಕೆ ಸಾಗಿಸಿಕೊಂಡರೆ, ಕಾಂಪೆಯ ಹುಡುಗ ಬರಿಗೈಯಲ್ಲಿ ದ್ವೀಪಕ್ಕೆ ಬೀಳುತ್ತಾನೆ. ಇದಕ್ಕಿಂತ ಮುಖ್ಯವಾದದ್ದು ಕಥೆ ಹೇಳಿದ ಕ್ರಮ. ಸಂಜೆ ಸೇಬಿನ ಮರದಡಿ ಕುಳಿತು ತಂದೆ ಹೇಳುತ್ತಾನೆ, ಮಕ್ಕಳು ಮಧ್ಯೆ ಬಾಯಿ ಹಾಕಿ ಕೇಳುತ್ತಾರೆ, ಕೆಲವೊಮ್ಮೆ ಸ್ವಾರಸ್ಯದ ಘಟ್ಟದಲ್ಲಿ ತಂದೆ ಕಥೆ ನಿಲ್ಲಿಸಿ ನಾಳೆಗೆ ಕಾಯಿಸುತ್ತಾನೆ. ಉಪದೇಶ ಅತಿಯಾಯಿತು ಎನ್ನಿಸದಿರದು. ಆದರೆ ‘ಅದು ಹೇಗೆ?’ ಎಂದು ಕೇಳುವ ಹಕ್ಕು ಕೇಳುಗ ಮಗುವಿಗೆ ಪುಸ್ತಕದೊಳಗೇ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಕೊಲಂಬಸ್, ಕೋರ್ಟೆಸ್, ಪಿಜಾರೊ ಇವರ ಯಾನಗಳನ್ನೂ, ಆಮೇಲೆ ಸಂಪುಟಗಟ್ಟಲೆ ಪ್ರವಾಸ ವರ್ಣನೆಗಳನ್ನೂ ಕಾಂಪೆ ಎಳೆಯರಿಗಾಗಿ ಬರೆದ. ಅಮೆರಿಕಕ್ಕೆ ಅವನು ಕಾಲಿಟ್ಟವನಲ್ಲ. ಕಾಲಿಟ್ಟವನು ಮುಂದೆ ಅನ್ವೇಷಕನಾಗಿ ಹೆಸರಾದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ಕಾಂಪೆ ಒಂದು ಕಾಲಕ್ಕೆ ಮನೆಪಾಠ ಹೇಳಿದ ಮನೆಯ ಹುಡುಗ.

ಇಂಗ್ಲೆಂಡಿನಲ್ಲಿ ಪ್ರಿಸಿಲಾ ವೇಕ್‌ಫೀಲ್ಡ್ 1801ರಲ್ಲಿ ಯೂರೋಪಿನ ದೇಶಗಳನ್ನು ಸುತ್ತುವ ಒಂದು ಕುಟುಂಬವನ್ನು ಕಲ್ಪಿಸಿಕೊಂಡು, ಪ್ರಕಟವಾಗಿದ್ದ ಪ್ರವಾಸ ಗ್ರಂಥಗಳಿಂದ ಸಾಮಗ್ರಿ ಹೆಕ್ಕಿ ಪುಸ್ತಕ ಕಟ್ಟಿದರು. 1818ರಲ್ಲಿ ಐಸಾಕ್ ಟೇಲರ್ ಯೂರೋಪಿನ ದೃಶ್ಯಗಳ ಪುಸ್ತಕವನ್ನು, ಶೀರ್ಷಿಕೆಯಲ್ಲಿಯೇ, ಮನೆಯಲ್ಲೇ ಉಳಿಯುವ ಪುಟ್ಟ ಪ್ರವಾಸಿಗಳಿಗೆಂದು ಹೇಳಿ ಪ್ರಕಟಿಸಿದ. ಏಷ್ಯಾ, ಆಫ್ರಿಕಾ, ಅಮೆರಿಕಗಳು ಅದರ ಬೆನ್ನಿಗೇ ಬಂದವು. ವೃತ್ತಿಯಿಂದ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುತ್ತಿದ್ದ ಈತ, ನಮ್ಮ ಶಿಶುವಿಹಾರಗಳಲ್ಲಿ ಇಂದಿಗೂ ಹಾಡಿಸುವ ‘ಟ್ವಿಂಕಲ್ ಟ್ವಿಂಕಲ್’ ಪದ್ಯ ಬರೆದ ಜೇನ್ ಟೇಲರಳ ತಂದೆ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಗುಡ್ರಿಚ್ 1827ರಿಂದ ಪೀಟರ್ ಪಾರ್ಲಿ ಎಂಬ ಮುದುಕನ ಬಾಯಲ್ಲಿ ದೇಶದೇಶಗಳ ಕಥೆ ಹೇಳಿಸಿದ; ಅವು ಲಕ್ಷಗಟ್ಟಲೆ ಮಾರಾಟವಾದವು ಎಂಬುದಕ್ಕಿಂತ ಹೆಚ್ಚಾಗಿ ಅವುಗಳಲ್ಲಿ ನನಗೆ ಆಸಕ್ತಿಯಿಲ್ಲ.

ಈ ದಾರಿಯ ಕೆಟ್ಟ ತುದಿ ಫೇವೆಲ್ ಲೀ ಮಾರ್ಟಿಮರ್. 1849ರಲ್ಲಿ ಯೂರೋಪಿನ ಬಗ್ಗೆ, 1852 ಮತ್ತು 1854ರಲ್ಲಿ ಹಿಂದೂಸ್ತಾನವೂ ಸೇರಿದಂತೆ ದೂರದೇಶಗಳ ಬಗ್ಗೆ ಆಕೆ ಇಂಗ್ಲಿಷ್ ಮಕ್ಕಳಿಗೆ ಬರೆದರು. ಸ್ವದೇಶದಿಂದ ಹೊರಗೆ ಅಷ್ಟಾಗಿ ಹೋದವರಲ್ಲ. ಹೋಗದಿದ್ದದ್ದು ದೋಷವಲ್ಲ, ವೇಕ್‌ಫೀಲ್ಡರದ್ದೂ ಓದಿ ಕಟ್ಟಿದ್ದೇ ತಾನೆ. ಆದರೆ ಮಾರ್ಟಿಮರರ ವಾಕ್ಯಗಳಿಗೆ ಅನುಮಾನವೆಂಬುದೇ ಗೊತ್ತಿಲ್ಲ: ಈ ದೇಶದವರು ಕೊಳಕರು, ಆ ದೇಶದವರು ಸೋಮಾರಿಗಳು ಎಂದು ಇಡೀ ಜನಾಂಗಕ್ಕೆ ಒಂದೇ ಸಾಲಿನಲ್ಲಿ ತೀರ್ಪು. ಮಧ್ಯೆ ಬಾಯಿ ಹಾಕಿ ‘ನೀವು ನೋಡಿದ್ದೀರಾ?’ ಎಂದು ಕೇಳುವ ಮಗು ಅಲ್ಲಿ ಇಲ್ಲ. ನನ್ನ ಲೇಖಕಿಯ ‘ಮುಗ್ಧರು’ ಎಂಬ ಮಾತು ಹೊಗಳಿಕೆಯೇ ಆದರೂ ಕುಲದಲ್ಲಿ ಅದೇ ಜಾತಿಯ ವಾಕ್ಯವೆಂದು ನನ್ನ ಪೆನ್ಸಿಲು ನಿಂತದ್ದು.

1877ರಲ್ಲಿ ಜಿ. ಬ್ರೂನೊ ಎಂಬ ಗುಪ್ತನಾಮದಲ್ಲಿ ಅಗಸ್ತೀನ್ ಫುಯೇ ಬರೆದ, ಇಬ್ಬರು ಮಕ್ಕಳು ಫ್ರಾನ್ಸ್ ಸುತ್ತುವ ಶಾಲಾಪಠ್ಯದಲ್ಲಿ ಪ್ರವಾಸಕ್ಕೆ ಒಂದು ನೋವಿನ ಕಾರಣವಿದೆ. ಯುದ್ಧದಲ್ಲಿ ಸೋತ ಫ್ರಾನ್ಸ್ ತಮ್ಮ ಊರನ್ನು ಜರ್ಮನಿಗೆ ಬಿಟ್ಟುಕೊಟ್ಟಿರುವಾಗ, ಹದಿನಾಲ್ಕರ ಆಂದ್ರೆ ಮತ್ತು ಏಳರ ಜೂಲಿಯೆನ್ ಸೆಪ್ಟೆಂಬರಿನ ದಟ್ಟ ಮಂಜಿನಲ್ಲಿ ಫಾಲ್ಸ್‌ಬೂರ್ ಪಟ್ಟಣದಿಂದ ಹೊರಬೀಳುತ್ತಾರೆ. ಅದಾದ ಮೂರು ದಶಕಗಳಿಗೆ ಸ್ವೀಡನ್ನಿನ ಶಿಕ್ಷಕರ ಸಂಘವು ಶಾಲೆಯ ಭೂಗೋಳದ ಓದಿಗೆಂದು ಕಾದಂಬರಿಕಾರ್ತಿ ಸೆಲ್ಮಾ ಲಾಗರ್‌ಲೋಫ್ ಅವರಿಂದ ಪುಸ್ತಕ ಬರೆಸಿತು. 1906 ಮತ್ತು 1907ರಲ್ಲಿ ಎರಡು ಸಂಪುಟಗಳಾಗಿ ಬಂದ ಅದರಲ್ಲಿ ಗೇಣುದ್ದಕ್ಕೆ ಕುಗ್ಗಿದ ನಿಲ್ಸ್ ಎಂಬ ಹುಡುಗ ಹೆಬ್ಬಾತಿನ ಬೆನ್ನೇರಿ ದೇಶ ನೋಡುತ್ತಾನೆ. ಬರೆಯುವ ಮುನ್ನ ಲೇಖಕಿ ಉತ್ತರದ ಸೀಮೆಗೆ ಹೋಗಿ ಬಂದಿದ್ದರು. ಆದರೂ ಹಾಲಂಡ್ ಎಂಬ ಪ್ರಾಂತ್ಯದ ಮೇಲೆ ಹಕ್ಕಿಗಳು ಸುಮ್ಮನೆ ಹಾರಿಹೋದವೆಂದು ಅಲ್ಲಿನವರಿಗೆ ಮುನಿಸು.

ಮೊದಲ ಹಾರಾಟದಲ್ಲಿ ನಿಲ್ಸ್ ಕೆಳಗೆ ನೋಡಿದಾಗ ಅವನಿಗೆ ಕಾಣುವುದು ದೇಶವಲ್ಲ, ಹಾಸಿಟ್ಟ ಒಂದು ದೊಡ್ಡ ಚೌಕುಳಿ ಬಟ್ಟೆ. ಸ್ವಲ್ಪ ಹೊತ್ತಿಗೆ ಹಸಿರು ಚೌಕಗಳು ಹೋದ ಶರತ್ಕಾಲದಲ್ಲಿ ಬಿತ್ತಿದ ರೈ ಹೊಲಗಳೆಂದೂ, ಹಳದಿ ಬೂದು ಚೌಕಗಳು ಕೊಯ್ಲಾದ ಕೂಳೆಯೆಂದೂ, ಕಪ್ಪಗಿನವು ಗಡ್ಡೆ ಕಿತ್ತು ಖಾಲಿಯಾದ ಇಲ್ಲವೇ ಬೀಳುಬಿಟ್ಟ ಹೊಲಗಳೆಂದೂ ಗುರುತು ಹತ್ತುತ್ತದೆ. ಒಕ್ಕಲು ಮನೆಯ ಹುಡುಗನಾದ್ದರಿಂದ ಅವನಿಗೆ ಅದು ತಿಳಿಯಿತು. ತಿಳಿಯುವ ಮೊದಲಿನ ಗೊಂದಲವನ್ನು ಲೇಖಕಿ ಅಳಿಸಿಹಾಕಲಿಲ್ಲ. ಈ ಪುಟವನ್ನು ನಾನು ಲಡಾಖಿನ ಕಥೆಯ ಲೇಖಕಿಗೆ ಫೋನಿನಲ್ಲಿ ಕನ್ನಡಿಸಿ ಹೇಳಿದೆ.

ಎರಡು ತಿಂಗಳ ಮೇಲೆ ಹಸ್ತಪ್ರತಿ ತಿರುಗಿ ಬಂತು. ತಮ್ಮೂರಿನಲ್ಲಿ ಲೇಹ್ ಕಡೆ ಕೆಲಸ ಮಾಡಿ ನಿವೃತ್ತರಾದ ಸೈನಿಕರೊಬ್ಬರನ್ನು ಲೇಖಕಿ ಹುಡುಕಿಕೊಂಡು ಹೋಗಿದ್ದರಂತೆ. ‘ಮುಗ್ಧರು’ ಇದ್ದ ಜಾಗದಲ್ಲಿ ಈಗ ತಂಗಿಯ ಪ್ರಶ್ನೆ ಇತ್ತು: ‘ಅಪ್ಪಾ, ಇವರ ಮನೆಗಳಲ್ಲಿ ಬಣವೆಯನ್ನು ಮಾಡಿನ ಮೇಲೆ ಯಾಕೆ ಒಟ್ಟಿದ್ದಾರೆ?’ ಅಪ್ಪನಿಗೂ ಗೊತ್ತಿರಲಿಲ್ಲ. ಮುಂದಿನ ಪುಟದಲ್ಲಿ ಮನೆಯೊಡತಿ, ಚಳಿಗಾಲಕ್ಕೆ ದನಗಳ ಮೇವು ಎಂದು ಹೇಳುವವರೆಗೆ ಮೂವರೂ ತಲೆಯೆತ್ತಿ ನೋಡುತ್ತಲೇ ನಿಂತಿದ್ದರು.