ತಿಂದ ಅರಿಶಿನ ರಕ್ತಕ್ಕೆ ಎಷ್ಟು ಸೇರುತ್ತದೆ?

"ಡಾಕ್ಟ್ರೇ, ಅರಿಶಿನದ ಕ್ಯಾಪ್ಸೂಲ್ ಶುರು ಮಾಡಿದ್ದೀನಿ. ಊತಕ್ಕೆ ತುಂಬಾ ಒಳ್ಳೇದಂತೆ. ನೀವು ಕೊಟ್ಟ ಮಾತ್ರೆ ನಿಲ್ಲಿಸ್ಲಾ?"

ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಮೈಯ ಕಾವಲು ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬಿದ್ದು ಊತ ತರಿಸುವ ಕಾಯಿಲೆ, ಇರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ದಯವಿಟ್ಟು ನಿಲ್ಲಿಸಬೇಡಿ ಅನ್ನುತ್ತೇನೆ. ಯಾಕೆ ಅಂತ ವಿವರಿಸುವಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ, ಹೊರಗೆ ಜನ ಕಾಯುತ್ತಿರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅರಿಶಿನದಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಮೈಯಲ್ಲಿ ಮ್ಯಾಕ್ರೋಫೇಜ್ ಅನ್ನುವ ಕಾವಲು ಕೋಶಗಳಿವೆ. ಸೋಂಕೋ ಗಾಯವೋ ಆದಾಗ ಅವು ಟಿಎನ್‌ಎಫ್, ಐಎಲ್-6 ಅನ್ನುವ ಪ್ರೋಟೀನ್‌ಗಳನ್ನು ಬಿಟ್ಟು ಬೇರೆ ಕೋಶಗಳನ್ನೂ ಕರೆಯುತ್ತವೆ. ಜಾಗ ಊದಿಕೊಂಡು ಬಿಸಿಯಾಗಿ ನೋಯುವುದು ಹೀಗೆ. ಕೋಶದೊಳಗೆ ಇದನ್ನೆಲ್ಲ ಶುರು ಮಾಡುವ ಒಂದು ಸ್ವಿಚ್ ಇದೆ, ಎನ್‌ಎಫ್-ಕಪ್ಪಾ-ಬಿ ಅಂತ ಹೆಸರು. ಲ್ಯಾಬ್‌ನಲ್ಲಿ ಬೆಳೆಸಿದ ಕೋಶಗಳ ಮೇಲೆ ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಅಂಶ ಹಾಕಿದರೆ ಈ ಸ್ವಿಚ್ ತಣ್ಣಗಾಗುತ್ತದೆ. ಜಾಹೀರಾತುಗಳು ಹೇಳುವುದು ಇಷ್ಟನ್ನೇ.

ಆದರೆ ನಾವು ಅದನ್ನು ನುಂಗುತ್ತೇವೆ ಅಲ್ವಾ? ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ. ಒಳಗೆ ಹೋದ ಚೂರುಪಾರನ್ನೂ ಕರುಳು, ಲಿವರ್ ಸೇರಿ ಬೇಗ ಬೇರೆ ರೂಪಕ್ಕೆ ತಿರುಗಿಸಿ ಹೊರಗೆ ಹಾಕುತ್ತವೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು, 1998ರಲ್ಲಿ. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರೆ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ, ಕೊಟ್ಟಾಗ ಅದು ಸುಮಾರು 20 ಪಟ್ಟು ಏರಿತು. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು, ಹಾಗಾಗಿ 2 ಗ್ರಾಂ ಬೇಕಾದರೆ 60 ಗ್ರಾಂಗಿಂತ ಜಾಸ್ತಿ ಪುಡಿ ತಿನ್ನಬೇಕು. ಹಾಲಿಗೆ ಹಾಕುವ ಚಿಟಿಕೆ ಎಲ್ಲಿ, ಇದೆಲ್ಲಿ! ಇನ್ನು, ಇಲ್ಲವೆನ್ನುವಷ್ಟು ಕಡಿಮೆ ಇದ್ದದ್ದು 20 ಪಟ್ಟಾದರೂ ದೊಡ್ಡ ಮೊತ್ತವೇನೂ ಆಗುವುದಿಲ್ಲ.

ಗಿಡದ ಔಷಧಿ ನಿಜವಾಗಿ ಕೋಶದವರೆಗೆ ತಲುಪಿದರೆ ಹೇಗಿರುತ್ತದೆ ಅಂತ ನೋಡಬೇಕೆಂದರೆ ಗೌರಿ ಹೂವಿನ ಬಳ್ಳಿ ನೋಡಿ. ಅದರ ಬೀಜದಿಂದ ತೆಗೆಯುವ ಕೊಲ್ಚಿಸಿನ್ ಅನ್ನುವ ಔಷಧಿಯನ್ನು ಗೌಟ್‌ಗೆ, ಅಂದರೆ ಯೂರಿಕ್ ಆಸಿಡ್‌ನಿಂದ ಕೀಲು ಊದುವ ಕಾಯಿಲೆಗೆ, ನಾನೇ ಬರೆಯುತ್ತೇನೆ, ಅರ್ಧ ಮಿಲಿಗ್ರಾಂ ಮಾತ್ರೆ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಊದಿದ ಕೀಲಿನ ಕಡೆ ನುಗ್ಗುವುದನ್ನೇ ಅದು ತಡೆಯುತ್ತದೆ. ಅದೇ ಬಳ್ಳಿಯ ಗೆಡ್ಡೆ ತಿಂದು ಜನ ಸತ್ತಿದ್ದಾರೆ. ಗಿಡದ್ದು, ಏನೂ ಆಗಲ್ಲ ಅನ್ನುವ ಮಾತು ನನಗೆ ಭಯ ಹುಟ್ಟಿಸುವುದು ಇದಕ್ಕೇ.

ಕ್ಯಾಪ್ಸೂಲ್‌ಗಳಲ್ಲೂ ಈ ಭಯ ಇದೆ. ಪೈಪರಿನ್ ಲಿವರ್‌ನ ಕೆಲಸ ನಿಧಾನ ಮಾಡುವುದರಿಂದ ಬೇರೆ ಮಾತ್ರೆಗಳೂ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯಬಹುದು. ಇಟಲಿ, ಅಮೆರಿಕದಲ್ಲಿ ಅರಿಶಿನದ ಕ್ಯಾಪ್ಸೂಲ್ ತಿಂದು ಲಿವರ್ ಊದಿಕೊಂಡ ರೋಗಿಗಳ ವರದಿಗಳಿವೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಂತೂ ಕೇಳದೆ ಮುಟ್ಟಬಾರದು.

ಸಾರು, ಪಲ್ಯ, ಹಾಲಿಗೆ ಅರಿಶಿನ ಹಾಕಿಕೊಳ್ಳಿ, ನಮ್ಮ ಮನೆಯಲ್ಲೂ ಹಾಕುತ್ತೇವೆ. ಕ್ಯಾಪ್ಸೂಲ್ ತಿನ್ನುತ್ತಿದ್ದರೆ ಮಾತ್ರ ಮುಚ್ಚಿಡಬೇಡಿ, ಡಬ್ಬಿಯನ್ನೇ ತಂದು ತೋರಿಸಿ. ನಿಮ್ಮಲ್ಲಿ ಹಲವರು ಆರ್ಥ್ರೈಟಿಸ್‌ಗೆ ಮೆಥೊಟ್ರೆಕ್ಸೇಟ್ ಅನ್ನುವ ಮಾತ್ರೆ ತಿನ್ನುತ್ತಿದ್ದೀರಿ, ಅದು ಲಿವರ್‌ಗೆ ತೊಂದರೆ ಕೊಡಬಹುದು ಅಂತ ಆಗಾಗ ಲಿವರ್ ಟೆಸ್ಟ್ ಮಾಡಿಸುತ್ತೀರಿ. ಒಂದು ದಿನ ರಿಪೋರ್ಟ್ ಕೆಟ್ಟು ಬಂದರೆ, ಕ್ಯಾಪ್ಸೂಲ್ ವಿಷಯ ಗೊತ್ತಿಲ್ಲದ ನಾನು ನಿಮಗೆ ಹೊಂದಿಕೊಂಡಿದ್ದ ಒಳ್ಳೆಯ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತೇನೆ.