ವಾರಕ್ಕೆ 40 ಗಂಟೆ ಥೆರಪಿ ಕೊಡಿಸಲೇಬೇಕೆ?

ಪ್ರಶ್ನೆ: ನಮ್ಮ ಮಗನಿಗೆ ಎರಡೂವರೆ ವರ್ಷ. ಮಾತು ಬಂದಿಲ್ಲ, ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ವೈದ್ಯರು ಆಟಿಸಂ ಎಂದಿದ್ದಾರೆ. ಥೆರಪಿ ಕೇಂದ್ರದವರು ವಾರಕ್ಕೆ 40 ಗಂಟೆ ಬೇಕು, ಈಗ ತಡಮಾಡಿದರೆ ಮುಂದೆ ಪ್ರಯೋಜನವಿಲ್ಲ ಎನ್ನುತ್ತಾರೆ. ಅಷ್ಟು ಹಣ ನಮ್ಮಲ್ಲಿಲ್ಲ. ಏನು ಮಾಡಬೇಕು?

ಉತ್ತರ: 40 ಗಂಟೆ ಬೇಕಾಗಿಲ್ಲ. ಚಿನ್ನ ಅಡವಿಡುವ ಮುನ್ನ ಆ ಸಂಖ್ಯೆ ಎಲ್ಲಿಂದ ಬಂತೆಂದು ತಿಳಿದುಕೊಳ್ಳಿ.

1987ರಲ್ಲಿ ಲಾಸ್ ಏಂಜಲೀಸ್‌ನ ಮನಶ್ಶಾಸ್ತ್ರಜ್ಞ ಐವರ್ ಲೋವಾಸ್ ಒಂದು ಅಧ್ಯಯನ ಪ್ರಕಟಿಸಿದರು. 19 ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆಯಂತೆ ಎರಡು ವರ್ಷಕ್ಕೂ ಮಿಕ್ಕಿ ತರಬೇತಿ ಕೊಟ್ಟಾಗ, ಅವರಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಒಂದನೇ ತರಗತಿ ಮುಗಿಸಿದರು ಎಂಬುದು ಅದರ ಸಾರ. ಇಂದಿನ ಎಬಿಎ, ಅಂದರೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮೆಚ್ಚುಗೆ, ಬಹುಮಾನ ಕೊಟ್ಟು ವರ್ತನೆ ಕಲಿಸುವ ಪದ್ಧತಿಯ ಖ್ಯಾತಿಗೆ ಅದೇ ಬುನಾದಿ. ಆದರೆ ಯಾವ ಮಗು 40 ಗಂಟೆಯ ಗುಂಪಿಗೆ, ಯಾವ ಮಗು ಹೋಲಿಕೆಗೆಂದು ಇಟ್ಟ ಕಡಿಮೆ ತರಬೇತಿಯ ಗುಂಪಿಗೆ ಎಂಬುದನ್ನು ಅಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ತರಬೇತುದಾರರು ಎಷ್ಟು ಜನ ಸಿಗುತ್ತಾರೆ ಎಂಬುದರ ಮೇಲೆ ನಿರ್ಧಾರವಾಗಿತ್ತು. ಗಟ್ಟಿಯಾಗಿ ಗದರಿಸುವುದು, ಕೆಲವೊಮ್ಮೆ ತೊಡೆಗೆ ಏಟು ಕೊಡುವುದು ಕೂಡ ಆ ವಿಧಾನದ ಭಾಗವಾಗಿತ್ತು. ಏಟು ಹೋಯಿತು, 40 ಮಾತ್ರ ಉಳಿಯಿತು.

ಅಮೆರಿಕದಲ್ಲೇ ಇತ್ತೀಚೆಗೆ, 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸುಮಾರು ಎರಡು ವರ್ಷ ವಯಸ್ಸಿನ 87 ಮಕ್ಕಳನ್ನು ವಾರಕ್ಕೆ 15 ಗಂಟೆ ಮತ್ತು 25 ಗಂಟೆಯ ಗುಂಪುಗಳಾಗಿ ಹಂಚಿದರು. ಒಂದು ವರ್ಷದ ಬಳಿಕ, ಒಟ್ಟಾರೆಯಾಗಿ ನೋಡಿದಾಗ, ಹೆಚ್ಚು ಗಂಟೆಯ ಗುಂಪು ಮುಂದೆ ಹೋಗಿರಲಿಲ್ಲ. 2024ರಲ್ಲಿ 144 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೂ ಗಂಟೆ ಹೆಚ್ಚಿದಷ್ಟೂ ಫಲ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಗೋವಾದ್ದು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದ ಪಾಸ್ ಎಂಬ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಮನೆಗೆ ಹೋದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ತಾಯಿಯೋ ತಂದೆಯೋ ಮಗುವಿನೊಡನೆ ಆಡುವುದನ್ನು ವಿಡಿಯೊ ಮಾಡಿ, ಅದನ್ನು ಜೊತೆಗೆ ಕುಳಿತು ನೋಡಿ, ಮಗು ಎಲ್ಲಿ ಏನು ಹೇಳಲು ಹೊರಟಿತ್ತು ಎಂದು ತೋರಿಸಿಕೊಡುವುದು ಅವರ ಕೆಲಸ. ಎಂಟು ತಿಂಗಳೊಳಗೆ 12 ಭೇಟಿ, ಅಷ್ಟೇ. ಪೋಷಕರು ಮಗುವಿನ ಮನಸ್ಸರಿತು ಪ್ರತಿಕ್ರಿಯಿಸುವುದು ಹೆಚ್ಚಾಯಿತು, ಮಗು ತಾನಾಗಿ ಸಂವಹನ ಶುರುಮಾಡುವುದೂ ಹೆಚ್ಚಾಯಿತು. ಎಲ್ಲವೂ ಸುಧಾರಿಸಲಿಲ್ಲ, ಇಬ್ಬರೂ ಒಂದೇ ವಸ್ತುವಿನತ್ತ ಗಮನ ಹಂಚಿಕೊಳ್ಳುವ ಸಮಯ ಕಡಿಮೆಯೇ ಆಯಿತು. ಆದರೂ ಇಷ್ಟು ಕಡಿಮೆ ಖರ್ಚಿಗೆ ಇದು ಸಣ್ಣ ಫಲವಲ್ಲ.

ಮನೆಯಲ್ಲಿ ಇದನ್ನು ಮಾಡುವುದು ಹೇಗೆ? ಮಗು ಆಟದ ಕಾರಿನ ಚಕ್ರ ತಿರುಗಿಸುತ್ತಿದ್ದರೆ ಅದನ್ನು ಕಿತ್ತುಕೊಂಡು ‘ಇದು ಯಾವ ಬಣ್ಣ ಹೇಳು’ ಎಂದು ಪರೀಕ್ಷೆ ಮಾಡಬೇಡಿ. ಎದುರಿಗೆ ನೆಲದ ಮೇಲೆ ಕುಳಿತು ನೀವೂ ಒಂದು ಚಕ್ರ ತಿರುಗಿಸಿ, ‘ಗಿರಗಿರ’ ಎನ್ನಿ, ಸುಮ್ಮನೆ ಕಾಯಿರಿ. ಮಗು ನಿಮ್ಮತ್ತ ನೋಡಬಹುದು, ಕೈ ಎಳೆಯಬಹುದು, ಏನೋ ಸದ್ದು ಮಾಡಬಹುದು. ಅದನ್ನು ಮಾತೆಂದೇ ಎಣಿಸಿ ಕೂಡಲೇ ಸ್ಪಂದಿಸಿ. ಕಾಯುವುದೇ ನಮ್ಮ ಮನೆಗಳಲ್ಲಿ ಕಷ್ಟ. ಅಜ್ಜಿ ಇದ್ದರಂತೂ ಮಗು ಬಾಯಿ ತೆರೆಯುವ ಮೊದಲೇ ಬಾಳೆಹಣ್ಣು ಸುಲಿದು ಕೈಗಿಟ್ಟಾಗಿರುತ್ತದೆ. ಹಣ್ಣು ಕಣ್ಣಿಗೆ ಕಾಣಲಿ, ಕೈಗೆ ಎಟುಕದಿರಲಿ, ಮಗು ಕೇಳುವ ಪ್ರಸಂಗ ಬರಲಿ. ಸ್ನಾನ, ತಿಂಡಿ, ಬಟ್ಟೆ ತೊಡುವುದು ಎಲ್ಲವೂ ಇದಕ್ಕೆ ಸಮಯವೇ.

ಹಾಗೆಂದು ತಜ್ಞರು ಬೇಡವೆಂದಲ್ಲ. ಮೊದಲು ಕಿವಿಯ ಪರೀಕ್ಷೆ ಆಗಲಿ. ಕರೆದರೆ ತಿರುಗದ ಮಗುವಿಗೆ ಶ್ರವಣದೋಷವೂ ಇರಬಹುದು. ಸ್ಪೀಚ್ ಥೆರಪಿಸ್ಟ್ ಬೇಕು. ಸದ್ದು, ಬಟ್ಟೆ, ಊಟದ ವಿಷಯದಲ್ಲಿ ತೀರಾ ತೊಂದರೆಯಿದ್ದರೆ ದಿನನಿತ್ಯದ ಕೆಲಸಗಳಿಗೆ ಮಗುವನ್ನು ಒಗ್ಗಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಕೂಡ. ಆದರೆ ಥೆರಪಿ ನಡೆಯುವಾಗ ನಿಮ್ಮನ್ನು ಬಾಗಿಲ ಹೊರಗೆ ಕೂರಿಸುವ ಕೇಂದ್ರವಾದರೆ ಬೇರೆ ಕಡೆ ನೋಡಿ. ಬೇಕಾದುದನ್ನು ಚಿತ್ರ ತೋರಿಸಿ ಕೇಳುವುದನ್ನು ಮಗುವಿಗೆ ಕಲಿಸಿದರೆ ಮಾತು ಬರುವುದೇ ನಿಲ್ಲುತ್ತದೆ ಎಂಬ ಭಯ ಬೇಡ, ಹಾಗೆ ಆಗುವುದಿಲ್ಲ. ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿ ಎನ್ನುವವರ ಮಾತನ್ನೂ ಕೇಳಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಭಾಷೆ ಹಿಂದೆ ಬೀಳುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ನೀವು ಸಲೀಸಾಗಿ ಮುದ್ದಿಸುವ ಭಾಷೆ ಯಾವುದೋ ಅದರಲ್ಲೇ ಮಾತಾಡಿ.

ಬೇಗ ಶುರುಮಾಡುವುದು ಒಳ್ಳೆಯದು ಎಂಬುದು ನಿಜ. ಮೂರು ವರ್ಷ ತುಂಬಿದೊಡನೆ ಎಲ್ಲ ಮುಗಿಯಿತು ಎಂಬುದು ವ್ಯಾಪಾರದ ಮಾತು. ಸ್ಟೆಮ್ ಸೆಲ್ ಚುಚ್ಚುಮದ್ದಿನ ಜಾಹೀರಾತೂ ನಿಮ್ಮ ಮೊಬೈಲಿಗೆ ಬರಬಹುದು. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಕೊಡುವುದು ಸಲ್ಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಹೋಗಬೇಕಾದ ಜಾಗಗಳು: ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್. ಇವು ದೂರವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಪತ್ತೆಹಚ್ಚಿ ನೆರವಾಗುವ ಜಿಲ್ಲಾ ಕೇಂದ್ರ) ಎಲ್ಲಿದೆ ಎಂದು ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿ ಸೇವೆ ಉಚಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವೈಕಲ್ಯ ಪ್ರಮಾಣಪತ್ರ ಸಿಕ್ಕರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ಅದರ ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ಆದ್ದರಿಂದ ರಸೀದಿಗಳನ್ನು ಇಂದಿನಿಂದಲೇ ಜೋಪಾನ ಮಾಡಿ.